ಹಿಮದ ಕೋಲು: ಸುಜುಕಿ ಬೊಕುಶಿಯ ‘ಹೊಕುಎತ್ಸು ಸೆಪ್ಪು’

ಹಿಮವನ್ನು ವರ್ಣಿಸಿದ ಕವಿಗಳು ಅಸಂಖ್ಯರು. ಅದನ್ನು ಅಳೆದು ಬರೆದವರು ವಿರಳ. ನಮ್ಮ ಪರಂಪರೆಯನ್ನೇ ನೋಡಬಹುದು. ‘ಕುಮಾರಸಂಭವ’ದ ಮೊದಲ ಶ್ಲೋಕದಲ್ಲಿಯೇ ಕಾಳಿದಾಸನು ಹಿಮವಂತನನ್ನು ಭೂಮಿಗೆ ಹಿಡಿದ ಅಳತೆಗೋಲಿಗೆ ಹೋಲಿಸಿದನು. ಎರಡು ಶ್ಲೋಕ ದಾಟುವಷ್ಟರಲ್ಲಿ ಆ ಪರ್ವತದ ಹಿಮವು ಒಂದು ದೋಷವೆಂಬ ಮಾತು ಬರುತ್ತದೆ. ಗುಣಗಳ ರಾಶಿಯಲ್ಲಿ ಒಂದು ದೋಷ ಮುಳುಗಿಹೋಗುವುದೆಂದು, ಚಂದ್ರನ ಕಲೆಯ ದೃಷ್ಟಾಂತದೊಡನೆ, ಅದಕ್ಕೆ ಕ್ಷಮೆಯೂ ದೊರೆಯುತ್ತದೆ. ಭೂಮಿಯನ್ನಳೆಯುವ ಕೋಲಾಗಿ ಪರ್ವತವನ್ನು ಕಂಡ ಮಹಾಕವಿಗೆ ಆ ಪರ್ವತದ ಹಿಮದಲ್ಲಿ ಒಂದು ಕೋಲನ್ನು ನೆಟ್ಟು ನೋಡಬೇಕೆಂದು ತೋರಲಿಲ್ಲ. ಇದು ಆಕ್ಷೇಪವಲ್ಲ. ಹಿಮದ ಕೆಳಗೆ ಸಂಸಾರ ಹೂಡಿ ಬಾಳದವರಿಗೆ ಅದರ ಆಳ ತಿಳಿಯಬೇಕಾದ ಪ್ರಮೇಯವೇ ಇಲ್ಲ. ಆದರೆ ಹಾಗೆ ಬಾಳಿದವನೊಬ್ಬನು ಲೇಖನಿ ಹಿಡಿದರೆ ಏನಾಗುತ್ತದೆಂಬುದಕ್ಕೆ ಜಪಾನಿನ ಒಂದು ಗ್ರಂಥವು ಸಾಕ್ಷಿಯಾಗಿದೆ. ಅದರ ಹೆಸರು ‘ಹೊಕುಎತ್ಸು ಸೆಪ್ಪು’. ಕರ್ತೃ ಸುಜುಕಿ ಬೊಕುಶಿ (1770–1842).

ಈ ಗ್ರಂಥವನ್ನು ಮೆಚ್ಚಿದವರು ಸಾಮಾನ್ಯವಾಗಿ ಅದರ ಕಥೆಗಳನ್ನು ಮೆಚ್ಚಿದ್ದಾರೆ, ಇಲ್ಲವೆ ಅದರಲ್ಲಿ ಉಳಿದುಬಂದಿರುವ ಹಳ್ಳಿಯ ಆಚಾರ-ವ್ಯವಹಾರಗಳ ವರ್ಣನೆಯನ್ನು ಮೆಚ್ಚಿದ್ದಾರೆ. ನನ್ನ ದೃಷ್ಟಿಯಲ್ಲಿ ಅದರ ಹೃದಯವಿರುವುದು ಬೇರೆಡೆ: ಸಾಮಾನ್ಯ ವಾಚಕನು ಬೇಗ ಬೇಗ ದಾಟಿಹೋಗುವ, ಅಂಕಿಗಳಿರುವ ಕೆಲವು ಚಿಕ್ಕ ಪ್ರಕರಣಗಳಲ್ಲಿ. ಈ ಅಭಿಪ್ರಾಯಕ್ಕೆ ಆಧಾರಗಳನ್ನು ಮುಂದೆ ಕೊಡುತ್ತೇನೆ.

ಬೊಕುಶಿಯ ಊರು ಎಚಿಗೊ ಪ್ರಾಂತದ ಶಿಯೊಜಾವಾ. ಇಂದಿನ ನೀಗಾತಾ ಪ್ರಾಂತದಲ್ಲಿದೆ. ಚಳಿಗಾಲದಲ್ಲಿ ಸೈಬೀರಿಯದಿಂದ ಬೀಸುವ ಶೀತಮಾರುತವು ಜಪಾನ್ ಸಮುದ್ರದ ಬೆಚ್ಚನೆಯ ಪ್ರವಾಹದ ಮೇಲೆ ಹಾಯುವಾಗ ತೇವವನ್ನು ಹೀರಿಕೊಂಡು, ಎದುರಿಗೆ ಸಿಕ್ಕ ಬೆಟ್ಟಸಾಲಿಗೆ ಬಡಿದು ಆ ಹೊರೆಯನ್ನೆಲ್ಲ ಹಿಮವಾಗಿ ಇಳಿಸಿಬಿಡುತ್ತದೆ. ಬೆಟ್ಟದಾಚೆಯ ಎದೋ, ಎಂದರೆ ಇಂದಿನ ಟೋಕಿಯೋ, ಅದೇ ದಿನಗಳಲ್ಲಿ ಬಿಸಿಲಿನಲ್ಲಿ ಇರುತ್ತದೆ. ಬೊಕುಶಿಯ ಮನೆತನದ ಕಸಬು ‘ಚಿಜಿಮಿ’ ಎಂಬ ಸುಕ್ಕುಬಟ್ಟೆಯ ವ್ಯಾಪಾರ. ಜೊತೆಗೆ ಗಿರವಿ ಅಂಗಡಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1788ರಲ್ಲಿ, ಬಟ್ಟೆ ಮಾರಲು ಎದೋ ನಗರಕ್ಕೆ ಹೋದ ಅವನಿಗೆ ಆ ನಗರದ ಜನರು ತನ್ನ ನಾಡಿನ ಹಿಮವನ್ನು ಕುರಿತು ಏನೂ ಅರಿಯರೆಂಬುದು ಆಶ್ಚರ್ಯ ತಂದಿತು. ಊರಿಗೆ ಮರಳಿದವನು ಬರೆಯತೊಡಗಿದನು. ಅಚ್ಚಾಗುವುದಕ್ಕೆ ಸುಮಾರು ನಲವತ್ತು ವರ್ಷ ಹಿಡಿಯಿತು. ಅಂದಿನ ಜನಪ್ರಿಯ ಲೇಖಕರಾದ ಸಾಂತೊ ಕ್ಯೋದೆನ್, ತಕಿಜಾವಾ ಬಾಕಿನ್ ಮೊದಲಾದವರ ಬಾಗಿಲುಗಳನ್ನೆಲ್ಲ ತಟ್ಟಿ, ಕೊನೆಗೆ ಕ್ಯೋದೆನನ ತಮ್ಮ ಕ್ಯೋಜಾನನ ನೆರವಿನಿಂದ 1837ರಲ್ಲಿ ಮೊದಲ ಭಾಗ ಹೊರಬಂದಿತು. ಆಗ ಗ್ರಂಥಕರ್ತನಿಗೆ ಅರುವತ್ತೇಳು ದಾಟಿತ್ತು. ರಾಜಧಾನಿಯ ಪ್ರಕಾಶಕರ ಮರ್ಜಿಯನ್ನು ಕಾಯುವ ಹೊರನಾಡ ಲೇಖಕನ ಪಾಡು ನಮ್ಮ ವಾಚಕರಲ್ಲಿ ಹಲವರಿಗೆ ಅಪರಿಚಿತವೇನಲ್ಲ, ಅದನ್ನು ವಿಸ್ತರಿಸಬೇಕಾಗಿಲ್ಲ.

ಗ್ರಂಥದ ಆರಂಭದಲ್ಲಿಯೇ ಹಿಮದ ಆಳ-ಅಲ್ಪತೆಗಳನ್ನು ಕುರಿತ ಒಂದು ಪ್ರಕರಣವಿದೆ. ಅದು ನನ್ನ ಮಟ್ಟಿಗೆ ಒಂದು ವಿಮರ್ಶಾ ಪ್ರಬಂಧ. ಚೀನದ ಪ್ರಾಚೀನ ಚರಿತ್ರೆಯಾದ ‘ಝುವೊ’ ಭಾಷ್ಯದಲ್ಲಿ, ಸಮತಟ್ಟಾದ ನೆಲದ ಮೇಲೆ ಒಂದಡಿ ಹಿಮ ನಿಂತರೆ ಅದನ್ನು ಮಹಾಹಿಮವೆನ್ನಬೇಕೆಂದಿದೆಯಂತೆ. ಬೊಕುಶಿಯ ಟೀಕೆ ಇಷ್ಟೇ: ಹಾಗೆ ಹೇಳಿದವರ ನಾಡು ಬೆಚ್ಚಗಿನದು. ಹಿಮವು ಸಮೃದ್ಧಿಯ ಶುಭಸೂಚನೆಯೆಂದ ಹಾನ್ ಯು ಕವಿಯದೂ ಬೆಚ್ಚನೆಯ ನಾಡಿನ ವಾದವೇ. ಒಂದಡಿಗಿಂತ ಕಡಮೆ ಹಿಮ ಬೀಳುವ ನಾಡಿನಲ್ಲಿ ಅದನ್ನು ಹೂವೆಂದು, ರತ್ನವೆಂದು ಕೊಂಡಾಡಬಹುದು; ಪಾನ-ಗಾನಗಳ ಗೋಷ್ಠಿ ಸೇರಿಸಬಹುದು; ಚಿತ್ರ ಬರೆಯಬಹುದು. ವರ್ಷವರ್ಷವೂ ಮನೆಯ ಎತ್ತರವನ್ನು ಮೀರಿದ ಹಿಮವನ್ನು ಕಾಣುವವನಿಗೆ ಅದರಲ್ಲಿ ಯಾವ ವಿನೋದ?

ಈ ಮಾತಿನಲ್ಲಿ ದುಃಖವಿದೆ, ವ್ಯಂಗ್ಯವೂ ಇದೆ; ಆದರೆ ಮುಖ್ಯವಾಗಿ ಗಮನಿಸಬೇಕಾದುದು ಅದರ ವಾದಕ್ರಮವನ್ನು. ಕವಿಗಳು ಸುಳ್ಳಾಡಿದರೆಂದು ಬೊಕುಶಿ ಹೇಳುವುದಿಲ್ಲ. ಅವರ ಸೌಂದರ್ಯಾನುಭವಕ್ಕೆ ಒಂದು ಮಿತಿಯುಂಟು, ಆ ಮಿತಿಯನ್ನು ಅಡಿಗಳಲ್ಲಿ ಹೇಳಬಹುದು ಎನ್ನುತ್ತಾನೆ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಸಮಯಗಳನ್ನು ವಿಂಗಡಿಸುವಾಗ, ಚಂದನವು ಮಲಯದಲ್ಲಿಯೇ, ಭೂರ್ಜವು ಹಿಮವತ್ಪರ್ವತದಲ್ಲಿಯೇ ಎಂದು ಕೆಲವನ್ನು ಸ್ಥಳಕ್ಕೆ ಕಟ್ಟಿಹಾಕಿದನು. ಅದು ಕವಿಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದ. ಬೊಕುಶಿ ಮಾಡುವುದು ಇದರ ವಿಲೋಮ: ಒಪ್ಪಂದವು ಎಷ್ಟು ಆಳದವರೆಗೆ ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದರ ಪರೀಕ್ಷೆ. ಅಳತೆಯು ರಸದ ಶತ್ರುವೆಂದು ನಂಬಿರುವ ನಮ್ಮ ಕೆಲವು ವಿಮರ್ಶಕರು ಈ ಪ್ರಕರಣವನ್ನು ಅವಶ್ಯವಾಗಿ ಓದತಕ್ಕದ್ದು.

ಹಿಮದ ಮುನ್ಸೂಚನೆಯನ್ನು ಕುರಿತ ಪ್ರಕರಣವೂ ಇದೇ ಬಗೆಯದು. ಶರತ್ಕಾಲ ಕಳೆಯುತ್ತ ಬಂದಂತೆ ಬಿಸಿಲು ಕಾಣದ ದಿನಗಳು ಸಾಲುಗಟ್ಟುತ್ತವೆ. ಸುತ್ತಲಿನ ಎತ್ತರದ ಶಿಖರಗಳು ಒಂದೊಂದಾಗಿ ಬೆಳ್ಳಗಾಗುತ್ತವೆ. ಇದಕ್ಕೆ ಆ ನಾಡಿನ ಮಾತಿನಲ್ಲಿ ‘ತಕೆಮವಾರಿ’, ಬೆಟ್ಟದ ಸುತ್ತು, ಎನ್ನುವರು. ಕಡಲಿರುವ ಕಡೆ ಕಡಲೂ, ದಟ್ಟ ಬೆಟ್ಟವಿರುವ ಕಡೆ ಬೆಟ್ಟವೂ ದೂರದ ಗುಡುಗಿನಂತೆ ಮೊರೆಯುತ್ತವೆ. ಅದು ‘ದೋನಾರಿ’. ಇವೆರಡೂ ಕಂಡು ಕೇಳಿಬಂದರೆ ಹಿಮ ದೂರವಿಲ್ಲ. ಇಷ್ಟು ಹೇಳಿ ಅವನು ನಿಲ್ಲಿಸುವುದಿಲ್ಲ. ವರ್ಷದ ಚಳಿ-ಸೆಕೆಗಳಿಗೆ ತಕ್ಕಂತೆ ಹಿಮ ಬೀಳುವ ದಿನ ಹಿಂದುಮುಂದಾಗುವುದೆಂದೂ ಸೇರಿಸುತ್ತಾನೆ. ನಮ್ಮ ಮಳೆನಕ್ಷತ್ರಗಳ ಗಾದೆಗಳಲ್ಲಿ ಇಂಥ ವಿನಾಯಿತಿಯ ವಾಕ್ಯವನ್ನು ಅಪರೂಪವಾಗಿ ಕಾಣುತ್ತೇವೆ. ಈ ಸೂಚನೆಗಳಿಂದ ಅವನಿಗೆ ಬೇಕಾಗಿರುವುದು ತಾರೀಖಲ್ಲ, ಸಿದ್ಧತೆಗೆ ಅವಕಾಶ. ಮುಂದಿನ ಪುಟಗಳಲ್ಲಿಯೇ ಮನೆಯನ್ನು ಬಿಗಿಪಡಿಸುವ, ಆಹಾರ ಕೂಡಿಡುವ ವಿವರಗಳು ಬರುತ್ತವೆ. ಮಾಡಿನ ಮೇಲಿನ ಹಿಮವನ್ನು ತೆಗೆಯುವ ಕೆಲಸಕ್ಕೆ ಆ ನಾಡಿನವರು ‘ಗುಡಿಸುವುದು’ ಎನ್ನದೆ ‘ಅಗೆಯುವುದು’ ಎನ್ನುವರೆಂದು ಹೇಳಿ, ಅದಕ್ಕೆ ಬಳಸುವ ಮರದ ಸಲಿಕೆಯ ಹೆಸರನ್ನೂ, ಅದನ್ನು ಯಾವ ಮರದಿಂದ ಮಾಡುವರೆಂಬುದನ್ನೂ ಬೊಕುಶಿ ತಿಳಿಸುತ್ತಾನೆ. ಒಂದು ಕ್ರಿಯಾಪದದ ಆಯ್ಕೆಯಲ್ಲಿ ಎರಡು ನಾಡುಗಳ ಅಂತರವೇ ಕಾಣಿಸಿತು.

ಇನ್ನು ಕೋಲಿನ ವಿಷಯ. ಎಚಿಗೊ ಪ್ರಾಂತದ ತಕಾದಾ ಎಂಬ ಊರಿನ ಕೋಟೆಯ ಮಹಾದ್ವಾರದ ಮುಂದಿನ ಬಯಲಿನಲ್ಲಿ ಚೌಕವಾಗಿ ಕೆತ್ತಿ ಅಡಿಗುರುತು ಹಾಕಿದ ಒಂದು ಮರದ ಕೋಲನ್ನು ನಿಲ್ಲಿಸುತ್ತಿದ್ದರು. ಅದರ ಹೆಸರು ‘ಯುಕಿಜಾವೊ’, ಹಿಮದ ಕೋಲು. ಉದ್ದ ಒಂದು ‘ಜೋ’, ಎಂದರೆ ಹತ್ತು ‘ಶಾಕು’. ನಮ್ಮ ಲೆಕ್ಕಕ್ಕೆ ಮೂರು ಮೀಟರಿಗೆ ತುಸು ಹೆಚ್ಚು. ಹಿಮದ ಆಳವು ಕಂದಾಯಕ್ಕೆ ಸಂಬಂಧಿಸಿದುದರಿಂದ ಇದನ್ನು ನಿಲ್ಲಿಸಿರಬೇಕೆಂದು ಬೊಕುಶಿ ಊಹಿಸುತ್ತಾನೆ. ತಕಾದಾದಲ್ಲಿದ್ದ ಅವನ ಹೈಕು-ಗೆಳೆಯನೊಬ್ಬನು 1834ರಲ್ಲಿ ಪತ್ರ ಬರೆದು, ಕೋಲನ್ನು ನೋಡಿದರೆ ಈ ಸಲ ಹಿಮವು ಒಂದು ಜೋ ಮೀರಿದೆಯೆಂದು ತಿಳಿಸಿದನಂತೆ. ಅನಂತರ ಬರುವ ವಾಕ್ಯವು ಸ್ವಾರಸ್ಯವಾದುದು. ಹಿಮದ ಕೋಲೆಂದರೆ ಎಚಿಗೊ ನಾಡಿನದೆಂದು ಹೈಕುಗಳಲ್ಲಿ ರೂಢಿಯಾಗಿಬಿಟ್ಟಿದೆ; ವಾಸ್ತವವಾಗಿ ಈ ನಾಡಿನಲ್ಲಿ ತಕಾದಾ ಹೊರತು ಬೇರೆಲ್ಲಿಯೂ ಇಂದು ಅದನ್ನು ನೆಡುವುದಿಲ್ಲ ಎಂದು ಅವನು ತಿದ್ದುತ್ತಾನೆ. ಅಳತೆಯ ಸಾಧನವೂ ಕವಿಸಮಯವಾಗಿಹೋಗಿದ್ದಿತು! ಕಂದಾಯದ ಕಚೇರಿಯಿಂದ ಹೊರಟ ಕೋಲು ಕವಿತೆಯೊಳಗೆ ಅಲಂಕಾರವಾಗಿ ನಿಂತಾಗ, ಅದು ನಿಜವಾಗಿ ಎಲ್ಲಿ ನಿಂತಿದೆಯೆಂದು ತೋರಿಸಿಕೊಟ್ಟವನು ಸ್ವತಃ ಹೈಕು ಬರೆಯುತ್ತಿದ್ದ ಒಬ್ಬ ವ್ಯಾಪಾರಿ.

ಆ ಬೆನ್ನಿಗೇ ಇನ್ನೊಂದು ಅಂಕಿ ಬರುತ್ತದೆ. ನೆರೆಯೂರಾದ ಮುಇಕಾಮಾಚಿಯ ವೃದ್ಧ ಹೈಕು-ಗೆಳೆಯನೊಬ್ಬನು ಬೊಕುಶಿಗೆ ಹೇಳಿದ್ದು. ಅವನಾದರೂ ಬೇರೊಂದು ಸೀಮೆಗೆ ಹೋಗಿದ್ದಾಗ ಕೇಳಿದ್ದು. ಚಿಕುಮಾ ನದಿಯ ದಂಡೆಯ ರಸಿಕನೊಬ್ಬನು ಅದೇ 1834ರ ಮೊದಲ ಹಿಮದಿಂದ ಹನ್ನೆರಡನೆಯ ಚಾಂದ್ರಮಾಸದ ಇಪ್ಪತ್ತೈದನೆಯ ದಿನದವರೆಗೆ (ನಮ್ಮ ಇಂದಿನ ಗಣನೆಯಲ್ಲಿ 1835ರ ಜನವರಿಯ ಕೊನೆಯ ಭಾಗ), ಹಿಮ ಬಿದ್ದಾಗಲೆಲ್ಲ ಅದಕ್ಕಾಗಿ ಅಣಿಮಾಡಿದ ಒಂದು ಜಾಗದಲ್ಲಿ ಅಳೆದು, ಅಳೆದುದನ್ನೆಲ್ಲ ಕೂಡಿಸಿದನಂತೆ. ಮೊತ್ತ ಹದಿನೆಂಟು ಜೋ. ಸುಮಾರು 54 ಮೀಟರು!

ಇಂಥ ಅಂಕಿ ಕೈಗೆ ಬಂದಾಗ ಅದ್ಭುತಪ್ರಿಯನಾದ ಲೇಖಕನು ಅದನ್ನು ಮೆರೆಸುತ್ತಾನೆ, ಸಂಶಯಪ್ರಿಯನು ಎಸೆಯುತ್ತಾನೆ. ಬೊಕುಶಿ ಎರಡನ್ನೂ ಮಾಡಲಿಲ್ಲ. ಮೊದಲು ಮಾತು ಯಾರಿಂದ ಯಾರಿಗೆ ಬಂದಿತೆಂಬುದನ್ನು ಕ್ರಮವಾಗಿ ಹೇಳಿದನು. ಹಿಮದ ನಾಡಿನವರೇ ಇದನ್ನು ನಂಬಲಾರರು ಎಂದು ಒಪ್ಪಿಕೊಂಡನು. ಆಮೇಲೆ ತಾನೇ ಲೆಕ್ಕ ಹಾಕಿದನು: ಹತ್ತನೆಯ ಮಾಸದ ಮೊದಲ ಹಿಮದಿಂದ ಆ ದಿನದವರೆಗೆ ಸುಮಾರು ಎಂಬತ್ತು ದಿನ, ದಿನಕ್ಕೆ ಮೂರು ಶಾಕುವಿನಂತೆ ಹಿಡಿದರೂ ಇಪ್ಪತ್ತನಾಲ್ಕು ಜೋ ಆಗಬೇಕಲ್ಲ! ಹಾಗಾದರೆ ಅಷ್ಟು ಹಿಮವನ್ನು ಕಣ್ಣಾರೆ ಕಂಡವರೇಕಿಲ್ಲ? ಬಿದ್ದಂತೆಲ್ಲ ತೆಗೆದುಹಾಕುವ ಕಡೆ ರಾಶಿ ಕಾಣದು. ನೆಲದ ಮೇಲೆ ಉಳಿದದ್ದು ತಾನಾಗಿ ತಗ್ಗುತ್ತದೆ.

ಬ್ಯಾಂಕಿನ ಲೆಕ್ಕದ ಮೇಜಿನಲ್ಲಿ ದಿನ ಕಳೆಯುವ ನನ್ನಂಥವನಿಗೆ ಈ ಭಾಗವನ್ನು ಓದುವಾಗ ಆಗುವ ಸಂತೋಷವನ್ನು ಬಚ್ಚಿಡಲಾರೆ. ವರ್ಷದುದ್ದಕ್ಕೂ ಖಾತೆಗೆ ಜಮೆಯಾದ ಹಣದ ಮೊತ್ತವೇ ಬೇರೆ, ಒಂದು ದಿನದ ಶಿಲ್ಕೇ ಬೇರೆ. ತಕಾದಾದ ಕೋಲು ತೋರಿಸುವುದು ಶಿಲ್ಕನ್ನು. ನದಿಯ ದಂಡೆಯ ರಸಿಕನು ಇಟ್ಟದ್ದು ಕೀರ್ದಿಯನ್ನು. ಒಂದಕ್ಕೊಂದು ತಾಳೆಯಾಗದಿದ್ದರೆ ಎರಡರಲ್ಲೊಂದು ಸುಳ್ಳೆಂದು ಭಾವಿಸುವುದು ಲೆಕ್ಕ ತಿಳಿಯದವರ ಲಕ್ಷಣ. ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿಯ ಅಂಶವೇ ಅಧಿಕ. ಮೇಲಿನ ಭಾರಕ್ಕೂ ಕಾಲಕ್ಕೂ ಅದು ಕುಸಿದು ಗಟ್ಟಿಯಾಗುತ್ತದೆ, ಬಿಸಿಲು ಬಂದರೆ ಕರಗುತ್ತದೆ. ಆದಕಾರಣ ಬಿದ್ದ ಹಿಮದ ಒಟ್ಟು ಮೊತ್ತವು ನಿಂತ ಹಿಮದ ಆಳಕ್ಕಿಂತ ಯಾವಾಗಲೂ ಹೆಚ್ಚು. ಇಂದಿನ ಜಪಾನಿನ ಹವಾಮಾನ ಇಲಾಖೆ ಶಬ್ದತರಂಗದಿಂದಲೂ ಬೆಳಕಿನಿಂದಲೂ ಅಳೆಯುವ ಯಂತ್ರಗಳನ್ನು ಇಟ್ಟಿದ್ದರೂ ಈ ಎರಡು ಅಂಕಿಗಳನ್ನು ಬೇರೆಬೇರೆಯಾಗಿಯೇ ಪ್ರಕಟಿಸುತ್ತದೆ.

ಅಂಕಿಯನ್ನು ಹಾಗೆಯೇ ಒಪ್ಪಬೇಕೆಂದು ನಾನು ಹೇಳುವುದಿಲ್ಲ. ಜಪಾನಿನ ಅತಿಹಿಮದ ತಾಣಗಳಲ್ಲಿ ಒಂದಾದ ಸುಕಾಯುವಿನಲ್ಲಿ ಇಡೀ ಚಳಿಗಾಲಕ್ಕೆ ಬೀಳುವ ಹಿಮದ ಸರಾಸರಿ ಮೊತ್ತವೇ ಸುಮಾರು 17 ಮೀಟರು. ಅದರ ಪಕ್ಕದಲ್ಲಿಟ್ಟರೆ ಹದಿನೆಂಟು ಜೋ ಅತಿಯಾಯಿತೆನ್ನಲೇಬೇಕು. ಎಂಬತ್ತು ದಿನವೂ ಎಡೆಬಿಡದೆ ಮೂರು ಶಾಕು ಬಿದ್ದಿತೆಂಬ ಬೊಕುಶಿಯ ಊಹೆಯಂತೂ ಇನ್ನೂ ಉದಾರವಾದುದು. ಅತಿಯಾದುದಕ್ಕೆ ಒಂದು ಕಾರಣ ರಸಿಕನ ವಿಧಾನದಲ್ಲಿಯೇ ಇರಬಹುದು. ಹಿಮ ಕುಸಿಯಲು ಎಡೆಗೊಡದೆ ಪದೇ ಪದೇ ಅಳೆದು ತೆಗೆಯುತ್ತಿದ್ದರೆ ಮೊತ್ತ ಏರುತ್ತಲೇ ಹೋಗುತ್ತದೆ. 1997ರ ಜನವರಿಯಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಮಾಂಟೇಗ್ ಎಂಬಲ್ಲಿ ಒಂದೇ ದಿನದಲ್ಲಿ 77 ಅಂಗುಲ ಹಿಮ ಬಿದ್ದಿತೆಂಬ ವರದಿ ಬಂದಾಗ, ಅದನ್ನು ಪರಿಶೀಲಿಸಿದ ಸಮಿತಿಯು ದಾಖಲೆಯೆಂದು ಒಪ್ಪಲು ನಿರಾಕರಿಸಿತು. ಕಾರಣ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಅಳೆಯಕೂಡದೆಂಬ ನಿಯಮವಿದ್ದಲ್ಲಿ ಆರು ಸಲ ಅಳೆದಿದ್ದರು. ಅಳೆಯುವವನ ಉತ್ಸಾಹವೂ ಹಿಮದ ಜೊತೆಗೆ ಮೊತ್ತದೊಳಗೆ ಸೇರಿಬಿಡುತ್ತದೆ! ಚಿಕುಮಾ ದಂಡೆಯ ರಸಿಕನಿಗೆ ನಿಯಮ ಹೇಳುವವರಾದರೂ ಯಾರಿದ್ದರು?

ತಕಾದಾದ ಕೋಲನ್ನು ಮಾತ್ರ ಇಂದಿನ ದಾಖಲೆ ಎತ್ತಿಹಿಡಿಯುತ್ತದೆ. 1945ರ ಫೆಬ್ರವರಿ 26ರಂದು ಆ ಊರಿನಲ್ಲಿ ನಿಂತ ಹಿಮದ ಆಳ 377 ಸೆಂಟಿಮೀಟರು. ಕೋಟೆಯ ಮುಂದಣ ಆ ಕೋಲು ಅಂದು ಅಲ್ಲಿದ್ದಿದ್ದರೆ ಅದರ ತುದಿ ಹಿಮದೊಳಗೆ ಎರಡಡಿಗೂ ಹೆಚ್ಚು ಹುದುಗಿಹೋಗುತ್ತಿದ್ದಿತು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಆಳವನ್ನು ಪತ್ರದಲ್ಲಿ ಬರೆದವನು ಹೈಕು-ಗೆಳೆಯ. ಮೊತ್ತವನ್ನು ತಲುಪಿಸಿದವನು ಹೈಕು-ಗೆಳೆಯ. ಅಳೆದು ಕೂಡಿಸಿದವನು ‘ರಸಿಕ’ನೆಂಬ ಹೆಸರು ಪಡೆದವನು. ಬೆಚ್ಚನೆಯ ನಾಡಿನ ರಸಿಕರು ಗೋಷ್ಠಿ ನಡೆಸುತ್ತಿದ್ದಾಗ ಹಿಮದ ನಾಡಿನ ರಸಿಕರು ಪರಸ್ಪರ ಅಂಕಿಗಳನ್ನು ಕಳುಹಿಸಿಕೊಳ್ಳುತ್ತಿದ್ದರು. ಅಳತೆಯೇ ಅವರ ರಸಿಕತೆಯ ರೂಪವಾಗಿದ್ದಿತು. ಕಂದಾಯದ ಅಧಿಕಾರಿಗೆ ಕೋಲಿನಿಂದ ಬೇಕಾದುದು ಒಂದಾದರೆ, ಇವರು ಅದರಿಂದ ಪಡೆದುದು ಮತ್ತೊಂದು.

ಗ್ರಂಥದ ಪ್ರಸಿದ್ಧ ಕಥೆಗಳನ್ನು ಈ ಹಿನ್ನೆಲೆಯಲ್ಲಿ ಓದಿದಾಗಲೇ ಅವುಗಳ ತೂಕ ತಿಳಿಯುತ್ತದೆ. ಹಸುಗೂಸನ್ನೆತ್ತಿಕೊಂಡು ಹೆಂಡತಿಯ ತವರಿಗೆ ಹೊರಟ ಯುವ ದಂಪತಿಗಳು ದಾರಿಯಲ್ಲಿ ಹಿಮಬಿರುಗಾಳಿಗೆ ಸಿಲುಕಿ ಸಾಯುತ್ತಾರೆ. ತಾಯಿಯ ಎದೆಗೆ ಅವಚಿಕೊಂಡಿದ್ದ ಕೂಸು ಮಾತ್ರ ಬದುಕಿ ಸಿಗುತ್ತದೆ. ಬೇರೊಬ್ಬರ ಕೈಯಲ್ಲಿ ಇದು ಕಣ್ಣೀರಿನ ಕಥೆಯಾಗುತ್ತಿದ್ದಿತು. ಬೊಕುಶಿಯಲ್ಲಿ ಹೊರಟಾಗಿನ ತಿಳಿಯಾದ ಆಕಾಶ, ಗಾಳಿಯ ತಿರುವು, ದಾರಿಯ ದೂರ ಇವೆಲ್ಲವೂ ಮಹಜರಿನಂತೆ ಬರುತ್ತವೆ, ಶೋಕ ಆಮೇಲೆ ತಾನಾಗಿ ಹಿಂಬಾಲಿಸುತ್ತದೆ. ಕರಡಿಯ ಗುಹೆಯಲ್ಲಿ ಬದುಕುಳಿದವನ ಕಥೆಯನ್ನು ಜನ ಹೆಚ್ಚು ಮೆಚ್ಚುತ್ತಾರೆ. ನನಗೆ ಅದು ಈ ಗ್ರಂಥದ ದುರ್ಬಲ ಭಾಗಗಳಲ್ಲಿ ಒಂದೆಂದು ತೋರುತ್ತದೆ. ಮೃಗದ ಉಪಕಾರಬುದ್ಧಿಯ ನೀತಿ ಅಲ್ಲಿ ಹಿಮವನ್ನು ಮರೆಸಿಬಿಡುತ್ತದೆ. ಎರಡನೆಯ ಭಾಗದಲ್ಲಂತೂ ಕ್ಯೋಜಾನನು ನಡುನಡುವೆ ತನ್ನ ಹೆಸರಿನಲ್ಲಿ ಸೇರಿಸಿದ ಪಾಂಡಿತ್ಯದ ಟಿಪ್ಪಣಿಗಳು ಓದಿಗೆ ತೊಡಕಾಗುತ್ತವೆ. ನಗರದ ಸಂಪಾದಕನಿಗೆ ಹಳ್ಳಿಯ ಲೇಖಕನ ಮೌನ ಸಹಿಸದು.

ಇದಕ್ಕೆ ಪ್ರತಿಯಾಗಿ ಚಿಜಿಮಿ ಬಟ್ಟೆಯ ಪ್ರಕರಣ ಗ್ರಂಥದ ಶಿಖರಗಳಲ್ಲಿ ಒಂದು. ನೂಲುವುದೂ ನೇಯುವುದೂ ಹಿಮಗಾಲದಲ್ಲಿ, ತೊಳೆಯುವುದು ಹಿಮದ ನೀರಿನಲ್ಲಿ, ಬಿಳುಪು ಮಾಡುವುದು ಹಿಮದ ಹಾಸಿನ ಮೇಲೆ. ಯಾವ ಹಿಮ ದುಡಿದವರನ್ನು ಆರೇಳು ತಿಂಗಳು ಸೆರೆಯಿಡುತ್ತದೆಯೋ ಅದೇ ಹಿಮ ಅವರ ಅನ್ನ. ಕವಾಬಾತಾ ಯಸುನಾರಿ ತನ್ನ ‘ಹಿಮದ ನಾಡು’ ಕಾದಂಬರಿಯಲ್ಲಿ ಈ ಪ್ರಕರಣದಿಂದ ಧಾರಾಳವಾಗಿ ತೆಗೆದುಕೊಂಡನು. ಆ ಕಾದಂಬರಿಯ ನಾಯಕನಾದರೋ ಬೆಟ್ಟದಾಚೆಯ ನಗರದಿಂದ ರೈಲಿನಲ್ಲಿ ಬಂದು ಹೋಗುವ ವಿಲಾಸಿ. ಬೊಕುಶಿ ಯಾರನ್ನು ಕುರಿತು ದೂರಿದ್ದನೋ ಅವರ ವಂಶದವನೇ. ಕವಾಬಾತಾ ಇದನ್ನು ಅರಿತೇ ಬರೆದಿದ್ದಾನೆ. ಆದರೆ ಕಾದಂಬರಿಯ ಮೂಲಕ ಮಾತ್ರ ಬೊಕುಶಿಯನ್ನು ಬಲ್ಲವರಿಗೆ ಬಟ್ಟೆಯ ಬಿಳುಪು ಸಿಕ್ಕೀತು, ಕೋಲು ಸಿಗಲಾರದು.

ಕೋಲನ್ನು ಕಂಡವರು ವಿಜ್ಞಾನಿಗಳು. 1936ರಲ್ಲಿ ಇವಾನಾಮಿ ಪ್ರಕಾಶನದಿಂದ ಬಂದ ಆವೃತ್ತಿಯನ್ನು ಪರಿಷ್ಕರಿಸಿದ ಒಕಾದಾ ತಕೆಮಾತ್ಸು ಹವಾಮಾನಶಾಸ್ತ್ರಜ್ಞ. ಅದೇ ವರ್ಷ ಪ್ರಯೋಗಶಾಲೆಯಲ್ಲಿ ಮೊತ್ತಮೊದಲ ಕೃತಕ ಹಿಮಸ್ಫಟಿಕವನ್ನು ಬೆಳೆಸಿದ ನಕಾಯಾ ಉಕಿಚಿರೊ 1938ರಲ್ಲಿ ಬರೆದ ‘ಯುಕಿ’ ಎಂಬ ಪುಟ್ಟ ಪುಸ್ತಕದಲ್ಲಿ ಬೊಕುಶಿಯನ್ನು ಗೌರವದಿಂದ ಚರ್ಚಿಸಿದನು. ಹಿಮವು ಆರು ಮೂಲೆಯಾಗಿರುವುದಕ್ಕೆ ಯಿನ್-ಯಾಂಗ್ ತತ್ತ್ವದಿಂದ ಕಾರಣ ಕೊಡುವ ಬೊಕುಶಿಯ ಪುಟಗಳು ಶಾಸ್ತ್ರದೃಷ್ಟಿಯಿಂದ ನಿಲ್ಲುವಂಥವಲ್ಲ. ಸ್ಫಟಿಕದ ಮೂವತ್ತೈದು ಚಿತ್ರಗಳೂ ಅವನವಲ್ಲ. ಸೂಕ್ಷ್ಮದರ್ಶಕದಿಂದ ನೋಡಿ 86 ಆಕೃತಿಗಳನ್ನು 1832ರಲ್ಲಿ ಪ್ರಕಟಿಸಿದ ದೊಯಿ ತೊಶಿತ್ಸುರಾ ಎಂಬ ಪಾಳೆಯಗಾರ ಪ್ರಭುವಿನ ಗ್ರಂಥದಿಂದ ತೆಗೆದವು. ಪ್ರಭುವಿಗೆ ಒಂದು ಹರಳು ಕಾಣಿಸಿತು. ವ್ಯಾಪಾರಿಗೆ ಮಾಡಿನ ಮೇಲಿನ ಭಾರ.

ಮಳೆಯ ನಾಡಿನವರಾದ ಕನ್ನಡಿಗರಿಗೆ ಈ ಹಿಮದ ಲೆಕ್ಕ ಏಕೆ ಎಂದು ಕೇಳುವವರುಂಟು. ನಮ್ಮ ಮಳೆಯ ಭವಿಷ್ಯವನ್ನು ಸರಕಾರ ಹೇಳತೊಡಗಿದುದೇ ಹಿಮದ ಲೆಕ್ಕದಿಂದ. ಮೈಸೂರು, ಬಳ್ಳಾರಿ, ಧಾರವಾಡ, ವಿಜಾಪುರ ಸೀಮೆಗಳನ್ನು ಬರಿದು ಮಾಡಿದ 1876–78ರ ಕ್ಷಾಮದ ಅನಂತರ, ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದಲ್ಲಿ ಹಿಮ ಹೆಚ್ಚಾದ ವರ್ಷ ಬಯಲಿನಲ್ಲಿ ಮಳೆ ಹಿಂಜರಿಯುತ್ತದೆಂದು 1884ರಲ್ಲಿ ಪ್ರತಿಪಾದಿಸಿದನು. 1886ರಿಂದ ಮುಂಗಾರಿನ ಮುನ್ಸೂಚನೆ ಕ್ರಮವಾಗಿ ಹೊರಡತೊಡಗಿತು. ಆ ಸಂಬಂಧವು ಎಲ್ಲ ವರ್ಷಗಳಲ್ಲಿಯೂ ನಿಲ್ಲದೆಂದು ಮುಂದೆ ಕಂಡುಬಂದುದು ಬೇರೆ ಮಾತು. ಹಿಮವಂತನ ಹಿಮ ನಮ್ಮ ರಾಗಿ-ಜೋಳಗಳ ಲೆಕ್ಕಕ್ಕೆ ಒಮ್ಮೆ ಸೇರಿದ್ದಿತು. ಕಾಳಿದಾಸನು ಕ್ಷಮಿಸಿಬಿಟ್ಟ ದೋಷವನ್ನು ಇಲಾಖೆಯು ದಾಖಲೆಗೆ ತೆಗೆದುಕೊಂಡಿತು.

ಸಾಹಿತ್ಯದ ದೃಷ್ಟಿಯಿಂದಲೂ ಒಂದು ಮಾತುಂಟು. ಮಲೆನಾಡಿನ ಮಳೆ ನಮ್ಮ ಕಾವ್ಯದಲ್ಲಿ ಯಥೇಚ್ಛವಾಗಿ ಸುರಿದಿದೆ. ಮಳೆಯ ದುಡಿಮೆ, ಕೆಸರು, ಉಂಬಳ ಇವನ್ನು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಕುವೆಂಪು ಬಿಡದೆ ತೋರಿಸಿದರು. ಆದರೆ ಆಗುಂಬೆಯ ಮಳೆಯನ್ನು ಮಾಪಕದ ಪಕ್ಕದಲ್ಲಿ ಕುಳಿತು, ಅಂಗುಲಕ್ಕೆ ತಕ್ಕ ಗದ್ಯದಲ್ಲಿ, ಗೆಳೆಯರ ಪತ್ರಗಳನ್ನು ತಾಳೆ ನೋಡುತ್ತ ಬರೆದ ಒಬ್ಬ ಅಡಕೆ ವ್ಯಾಪಾರಿಯ ಗ್ರಂಥ ನಮಗೆ ಬೇಕಾಗಿದೆ.

‘ಹೊಕುಎತ್ಸು ಸೆಪ್ಪು’ವಿನ ಇಂಗ್ಲಿಷ್ ಅನುವಾದವು ಜೆಫ್ರಿ ಹಂಟರ್ ಮತ್ತು ರೋಸ್ ಲೆಸರ್ ಅವರಿಂದ 1986ರಲ್ಲಿ ಬಂದಿತು, ‘ಹಿಮನಾಡಿನ ಕಥೆಗಳು’ ಎಂಬರ್ಥದ ಶೀರ್ಷಿಕೆಯನ್ನು ಅದಕ್ಕೆ ಕೊಟ್ಟಿದ್ದಾರೆ. ಮೂಲದ ‘ಪು’ ಎಂಬ ಪದಕ್ಕೆ ಕ್ರಮವಾಗಿ ಬರೆದಿಟ್ಟ ದಾಖಲೆಯೆಂಬ ಅರ್ಥವಿದೆ. ‘ಕಥೆ’ಯಲ್ಲಿ ಅದು ಕಳೆದುಹೋಯಿತು. ಕನ್ನಡದಲ್ಲಿ ಇದನ್ನು ತರುವವರಿಗೆ ‘ಕೈಫಿಯತ್ತು’ ಎಂಬ ಹಳೆಯ ಮಾತು ಸಿದ್ಧವಾಗಿದೆ. ‘ಎಚಿಗೊ ಹಿಮದ ಕೈಫಿಯತ್ತು’ ಎಂದರೆ ಸರಿಹೋದೀತು. ಹಿಮಕ್ಕೆ ‘ಮಂಜು’ ಎನ್ನಬಾರದು. ಇಬ್ಬನಿ, ಆಲಿಕಲ್ಲುಗಳಿಗೆ ನಮ್ಮಲ್ಲಿ ಸ್ವಂತ ಪದಗಳುಂಟು, ಮಂಜಿನಲ್ಲಿ ಮಾತ್ರ ಬೆಳಗಿನ ಮುಸುಕೂ ಬೆಟ್ಟದ ಹಿಮವೂ ಬೆರೆತುಹೋಗಿವೆ. ಅಳತೆಗಳನ್ನು ಮೀಟರಿಗೆ ತಿರುಗಿಸಿದರೆ ಸಾಲದು. ಬಾವಿಯ ಆಳವನ್ನು ನಮ್ಮ ಹಳ್ಳಿಗಳಲ್ಲಿ ಈಗಲೂ ಆಳಿನ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಜೋ ಎಂದರೆ ಹತ್ತಿರ ಹತ್ತಿರ ಎರಡಾಳು.